ಸಾಕು ಎಂದರೆ ಎಷ್ಟು ಡೆಸಿಬೆಲ್

ಶೇಡಬಾಳದ ಅಕ್ಕೋರು ಅಥಣಿಯ ನಮ್ಮ ದವಾಖಾನೆಗೆ ಮೊದಲ ಸಲ ಬಂದಾಗ ಎರಡೂ ಕಿವಿಗೆ ಅರಳೆ ತುರುಕಿಕೊಂಡು, ಮೇಲೆ ಸೆರಗು ಬಿಗಿದುಕೊಂಡು ಕೂತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಅಲ್ಲಿ ಕಿವಿ ಪರೀಕ್ಷೆ ಮಾಡುವವಳು. ದಿನವೂ ಬರುವವರು ಕಿವಿ ಕೇಳಿಸದವರೇ ಆದ್ದರಿಂದ ನನ್ನ ದನಿ ದೊಡ್ಡದಾಗಿಹೋಗಿತ್ತು. ಅದೇ ರೂಢಿಯಲ್ಲಿ "ಏನ್ ತ್ರಾಸ್ರಿ?" ಎಂದು ಕೇಳಿದೆ. ಅವರು ಎದ್ದು ಹೋಗಿಬಿಡುವವರ ಹಾಗೆ ಬಾಗಿಲ ಕಡೆ ನೋಡಿದರು.

"ಬಾಯಾರ, ಸಣ್ಣಗ ಮಾತಾಡ್ರಿ," ಎಂದರು. "ನನಗ ಕೇಳಸ್ತೈತಿ. ಕೇಳಸೂದ ಜಾಸ್ತಿ ಆಗೇತಿ."

ಅವರು ಊರಿನ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಕಲಿಸುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ದೊಡ್ಡ ಜ್ವರ ಬಂದು ಹೋದ ಮೇಲೆ ಶುರುವಾದದ್ದು. ಸ್ಟೀಲಿನ ತಾಟು ಕೆಳಗಿಟ್ಟರೆ ಹಲ್ಲಿನ ಬುಡಕ್ಕೆ ಸೂಜಿ ಇಟ್ಟಂತೆ. ದ್ರಾಕ್ಷಿ ತೋಟದಲ್ಲಿ ಹಕ್ಕಿ ಓಡಿಸಲು ಡಬ್ಬಿ ಬಡಿದರೆ ಮೈಯೆಲ್ಲ ಬೆವರು. ಶಾಲೆಯಲ್ಲಿ ಪಕ್ಕದ ವರ್ಗದವರು ಒಟ್ಟಿಗೆ ಮಗ್ಗಿ ಹೇಳಲು ಶುರುಮಾಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಹಾಗಾಗಿ ತಮ್ಮ ಮಕ್ಕಳಿಗೆ ಪಿಸುದನಿಯಲ್ಲಿ ಪಾಠ ಹೇಳುವುದನ್ನೂ ಒಪ್ಪಿಸುವುದನ್ನೂ ರೂಢಿ ಮಾಡಿಸಿದ್ದರು. ತಪಾಸಣೆಗೆ ಬಂದ ಸಾಹೇಬರು ಪ್ರಶ್ನೆ ಕೇಳಿದಾಗ ಮಕ್ಕಳು ಉತ್ತರವನ್ನೂ ಪಿಸುಗುಟ್ಟಿದರು. ಮಕ್ಕಳಿಗೆ ಏನೂ ಬರುವುದಿಲ್ಲ ಎಂದುಕೊಂಡು ಸಾಹೇಬರು ಹೋದರು. ಅಂದಿನಿಂದ ಹೆಡ್ ಮಾಸ್ತರರ ಮುಖ ಗಂಟು.

ನಾನು ಕಿವಿ ಪರೀಕ್ಷೆ ಮಾಡಿದೆ. ಎಲ್ಲ ಸರಿಯಾಗಿತ್ತು. ಡಾಕ್ಟರೂ ನೋಡಿ, ಕಿವಿಯಲ್ಲಿ ಏನೂ ಇಲ್ಲ ಎಂದರು. ಸಂತೋಷದ ಸುದ್ದಿ ಹೇಳಿದೆ ಎಂದುಕೊಂಡರೆ ಅಕ್ಕೋರ ಮುಖ ಇನ್ನೂ ಸಣ್ಣದಾಯಿತು.

"ಈ ವರ್ಷ ಮುಗದ ಮ್ಯಾಲೆ ರಾಜೀನಾಮೆ ಬರದ ಕೊಡಂತ ಮನ್ಯಾಗ ಹೇಳ್ಯಾರ," ಎಂದರು. "ಕೊಡೂದ ಆದ್ರ ಕೊಡ್ತೀನಿ. ಆದ್ರ ಅದರಕಿಂತ ಮೊದಲ ನನಗ ಒಂದ ಗೊತ್ತಾಗಬೇಕ್ರಿ. ನನ್ನ ಕಿವಿ ಕೆಟ್ಟೈತೋ, ನನ್ನ ಸ್ವಭಾವ ಕೆಟ್ಟೈತೋ?"

ಈ ಪ್ರಶ್ನೆಗೆ ಉತ್ತರ ಕೊಡುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಆದರೆ ನಮ್ಮ ಡಾಕ್ಟರ ಗೆಳೆಯರೊಬ್ಬರು ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಮೈಸೂರು ಕಡೆಯವರು. ಅವರು ಕಂಪ್ಯೂಟರಿನೊಳಗೆ ಒಂದು ಕಿವಿ ಕಟ್ಟುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ, ಬೇಸಿಗೆಯಲ್ಲೂ ಸ್ವೆಟರ್ ಬೇಕಾಗುವ ಕೋಣೆಯಲ್ಲಿ ಆ ಕಿವಿ ಇತ್ತು. ಕಣ್ಣಿಗೆ ಕಾಣುವುದು ಹಸಿರು ಅಕ್ಷರಗಳಷ್ಟೇ. ಅವರು ನನಗೆ ತಿಳಿಸಿ ಹೇಳಿದ್ದು ಹೀಗೆ. ಸದ್ದು ಒಳಕಿವಿಯ ಸುರುಳಿಗೆ ಹೋದಾಗ ಕೀರಲು ಸ್ವರಕ್ಕೆ ಒಂದು ಜಾಗ, ದಪ್ಪ ಸ್ವರಕ್ಕೆ ಒಂದು ಜಾಗ ಎಂದು ಹಂಚಿಹೋಗುತ್ತದೆ. ಅಲ್ಲಿ ಮೆಲು ಸದ್ದನ್ನು ಎತ್ತಿ, ದೊಡ್ಡ ಸದ್ದನ್ನು ಅದುಮಿ ಹದ ಮಾಡುವ ಕೆಲಸ ನಡೆಯುತ್ತದೆ. ಆಮೇಲೆ ಮಿದುಳಿಗೆ ಹೋಗುವ ದಾರಿಯಲ್ಲಿ ರೇಡಿಯೋದ ವಾಲ್ಯೂಮ್ ಇದ್ದಂತೆ ಇನ್ನೊಂದು ಏರ್ಪಾಡು. ಈ ಒಂದೊಂದು ಹಂತಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಲೆಕ್ಕ. ಆ ಲೆಕ್ಕಗಳನ್ನು ಹಿಂದುಮುಂದು ಮಾಡುತ್ತ, ಕಂಪ್ಯೂಟರಿನ ಕಿವಿಯೂ ಅಕ್ಕೋರ ಹಾಗೆಯೇ ಉತ್ತರ ಕೊಡುವಂತೆ ಮಾಡಿದರೆ, ಯಾವ ಹಂತದಲ್ಲಿ ವ್ಯತ್ಯಾಸವಿದೆ ಎಂಬುದು ಹೊರಬೀಳುತ್ತದೆ.

"ಅವರೊಬ್ಬರ ಅಂಕಿ ಮಾತ್ರ ಇದ್ದರೆ ಆಗಲ್ಲ," ಎಂದರು ಪ್ರಾಧ್ಯಾಪಕರು. "ಅದೇ ಊರಿನ, ಅದೇ ಸದ್ದಿನಲ್ಲಿ ಬದುಕೋ ಬೇರೆಯವರ ಕಿವಿಯೂ ಬೇಕು. ಹೋಲಿಸಬೇಕಲ್ಲ."

ಹೀಗೆ ನಾನು ಕಿವಿ ಅಳೆಯುವ ಆಡಿಯೋಮೀಟರನ್ನು ಹಳೆಯ ಶಾಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಶೇಡಬಾಳದ ಬಸ್ಸು ಹತ್ತತೊಡಗಿದೆ.

ಸದ್ದಿಲ್ಲದ ಕೋಣೆ ಹುಡುಕುವುದೇ ಮೊದಲ ಕೆಲಸವಾಯಿತು. ಶಾಲೆ ಬೇಡ, ಪಂಚಾಯಿತಿಯ ಪಕ್ಕ ಹಿಟ್ಟಿನ ಗಿರಣಿ. ಕೊನೆಗೆ ಅಕ್ಕೋರ ಮನೆಯಲ್ಲೇ, ಹಿತ್ತಲಿಗೆ ಹೊಂದಿಕೊಂಡಿದ್ದ ಮನೂಕದ ಕೋಣೆ ಸಿಕ್ಕಿತು. ದ್ರಾಕ್ಷಿ ಒಣಗಿಸಿ ಮಾಡಿದ ಮನೂಕವನ್ನು ಮಾರುವವರೆಗೆ ಅಲ್ಲಿ ಇಡುತ್ತಿದ್ದರು. ದಪ್ಪ ಮಣ್ಣಿನ ಗೋಡೆ. ಅಕ್ಕೋರ ಅತ್ತೆಯನ್ನು ಊರೆಲ್ಲ ಅವ್ವಾರು ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತಿದ್ದೆ. ಅವ್ವಾರು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತೆಗೆದು ಗೋಡೆಗೆ ಇಳಿಬಿಡಿಸಿದರು. ಕರೆಂಟು ನಂಬುವ ಹಾಗಿರಲಿಲ್ಲ; ಟ್ರ್ಯಾಕ್ಟರಿನ ಬ್ಯಾಟರಿಗೆ ಇನ್ವರ್ಟರ್ ಜೋಡಿಸಿಕೊಂಡೆವು. ಸದ್ದಿನ ಮೀಟರ್ ಹಿಡಿದು ನೋಡಿದರೆ ಅದರ ಮುಳ್ಳು ತೂಕಡಿಸುತ್ತಿತ್ತು. ಕೋಣೆಯಲ್ಲಿ ಕೂತವರು ಒಂದೊಂದು ಮನೂಕ ಬಾಯಿಗೆ ಹಾಕಿಕೊಳ್ಳುತ್ತಿದ್ದುದೊಂದೇ ತೊಡಕು. ಅಗಿಯುವ ಸದ್ದಿಗೆ ಯಂತ್ರದ ಸ್ವರ ಅವರಿಗೆ ಕೇಳಿಸುತ್ತಿರಲಿಲ್ಲ.

ಪರೀಕ್ಷೆಯ ರೀತಿ ಸರಳ. ಹೆಡ್‌ಫೋನ್ ಹಾಕಿ, ಮೊದಲು ಎಷ್ಟು ಸಣ್ಣ ಸ್ವರ ಕೇಳಿಸುತ್ತದೆ ಎಂದು ಗುರುತಿಸುವುದು. ಆಮೇಲೆ ಅದೇ ಸ್ವರವನ್ನು ಐದೈದು ಡೆಸಿಬೆಲ್ ಏರಿಸುತ್ತ ಹೋಗುವುದು. ಇನ್ನು ತಾಳಲಾರೆ ಅನಿಸುವ ಹಂತದಲ್ಲಿ ಅವರು ಹೇಳಬೇಕು. ಪ್ರಾಧ್ಯಾಪಕರ ಬಳಿ ಇದಕ್ಕೆ ಇಂಗ್ಲಿಷಿನಲ್ಲಿ ಬರೆದ ಸೂಚನೆ ಇತ್ತು. ಇಬ್ಬರೂ ಕೂತು ಅದನ್ನು ಒಂದೇ ಸಾಲಿಗೆ ಇಳಿಸಿದೆವು: "ಸಾಕು ಅನಿಸಿದ ಕೂಡಲೆ ಸಾಕು ಅನ್ರಿ."

ಅವ್ವಾರು ಮೊದಲು ಕೂತರು. ಸೆರಗಿನ ಮೇಲೇ ಹೆಡ್‌ಫೋನ್ ಹಾಕಿಸಿಕೊಳ್ಳಲು ನೋಡಿದರು. "ಬಾಯಾರ, ಎತ್ತಿನ ಕೊಳ್ಳಪಟ್ಟಿ ಇದ್ದಂಗೈತಲ್ರಿ ಇದು," ಎಂದು ನಕ್ಕರು. ಸ್ವರ ಏರಿಸತೊಡಗಿದೆ. ಸಾಧಾರಣ ಮಾತುಕತೆಯ ಮಟ್ಟವನ್ನು ಆಗಷ್ಟೇ ದಾಟಿತ್ತು, ಅವ್ವಾರು ಕೈ ಅಡ್ಡ ಹಿಡಿದರು.

"ಸಾಕ್ರಿ ಬಾಯಾರ, ಸಾಕು. ಯಾಕ ಸುಮ್ನ ನಿಮಗ ತ್ರಾಸ."

ಬರೆದುಕೊಂಡೆ. ಅವರ ನಂತರ ನೆರೆಮನೆಯವರು, ತೋಟಕ್ಕೆ ಕೆಲಸಕ್ಕೆ ಬರುವವರು, ಹೆಡ್ ಮಾಸ್ತರರು ಒಬ್ಬೊಬ್ಬರಾಗಿ ಬಂದು ಕೂತರು. ಎಲ್ಲರೂ ಸುಮಾರು ಅಷ್ಟರಲ್ಲೇ ಸಾಕು ಎಂದರು. ಅಕ್ಕೋರೂ ಅಷ್ಟರಲ್ಲೇ ಎಂದರು. ಅವರ ಹಣೆಯ ಮೇಲೆ ಮಾತ್ರ ಬೆವರು ಕೂತಿತ್ತು. ಆದರೆ ಹಣೆಯ ಬೆವರಿಗೆ ನಮ್ಮ ಕಾಗದದಲ್ಲಿ ಜಾಗ ಇರಲಿಲ್ಲ.

ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿದ ಮೇಲೆ ಪ್ರಾಧ್ಯಾಪಕರು ಖುಷಿಯಿಂದ ಕುರ್ಚಿ ತಿರುಗಿಸಿ ಕೂತರು. "ಏನ್ರೀ ಇದು, ಇಡೀ ಊರಿಗೇ ಈ ತೊಂದರೆ ಇದೆ. ಡಬ್ಬಿ ಬಡಿದು ಬಡಿದು ಹೀಗಾಗಿದೆ ಅಂತ ಕಾಣುತ್ತೆ. ಇದು ಹೊಸ ವಿಷಯ, ದೊಡ್ಡ ಪೇಪರ್ ಆಗುತ್ತೆ." ಅಕ್ಕೋರ ವಿಷಯ ಕೇಳಿದೆ. "ಅವರದೇನೂ ವಿಶೇಷ ಇಲ್ಲ. ಊರಿನ ಎಲ್ಲರ ಹಾಗೆಯೇ," ಎಂದರು.

ಈ ಮಾತು ಹೇಗೋ ಶೇಡಬಾಳ ತಲುಪಿತು. ಮುಂದಿನ ಸಲ ಹೋದಾಗ ಅವ್ವಾರು ಸೊಸೆಯ ಎದುರಿಗೇ ಅದನ್ನು ತೆಗೆದರು. "ಮಶೀನ್ ಹೇಳೇತಂತಲ್ರಿ, ನನ್ನ ಕಿವಿನೂ ಇಕಿ ಕಿವಿನೂ ಒಂದ ಅಂತ. ನಾ ಎಲ್ಲಿ ಅರಳಿ ಇಟ್ಕೊಂಡೀನಿ? ಬರೀ ನಾಜೂಕ ಐತಿ ಇಕಿದು." ಮಾತಿನಲ್ಲಿ ವಿಷ ಇರಲಿಲ್ಲ, ಹಗುರವಾಗಿಯೇ ಅಂದದ್ದು. ಹೆಡ್ ಮಾಸ್ತರರೂ ತಮಗೂ ಅಷ್ಟೇ ಬಂದಿದೆ, ತಾವು ಏಳನೇ ಇಯತ್ತೆ ನಡೆಸುತ್ತಿಲ್ಲವೇ ಎಂದರಂತೆ. ಅಕ್ಕೋರು ಎದ್ದು ಒಳಗೆ ಹೋದರು. ಅವರು ಕೇಳಿದ ಪ್ರಶ್ನೆಗೆ ನಮ್ಮ ಯಂತ್ರ ಉತ್ತರ ಕೊಟ್ಟುಬಿಟ್ಟಿತ್ತು, ಸ್ವಭಾವವೇ ಕೆಟ್ಟದ್ದು ಎಂದು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಾಕೆ ಎಂದು ಹೇಳಲು ಬರುತ್ತಿರಲಿಲ್ಲ. ಅಷ್ಟರಲ್ಲಿ ಅವ್ವಾರು ಪಡಸಾಲೆಗೆ ಹೋಗಿ, ರಸ್ತೆಯಾಚೆಯ ತೋಟದಲ್ಲಿದ್ದ ಆಳನ್ನು ಕೂಗಿದರು. ನನ್ನ ಸದ್ದಿನ ಮೀಟರ್ ಆರಿಸದೆ ಕಿಟಕಿಯಲ್ಲೇ ಇತ್ತು. ಅದರ ಮುಳ್ಳು ಅವ್ವಾರು ಸಾಕು ಎಂದಿದ್ದ ಅಂಕಿಯನ್ನು ದಾಟಿ, ಬಹಳ ಮೇಲೆ ಹೋಗಿ ನಡುಗುತ್ತ ನಿಂತಿತು. ತಮ್ಮ ದನಿಯನ್ನೇ ತಾವು ತಾಳಲಾರದ ಹೆಂಗಸು ಹೀಗೆ ಕೂಗುವುದು ಹೇಗೆ? ಮರುದಿನ ಇದನ್ನು ಪ್ರಾಧ್ಯಾಪಕರಿಗೆ ಹೇಳಿದೆ. ಅವರು ಮೀಟರೇ ಕೆಟ್ಟಿರಬೇಕು ಎಂದು, ಅದನ್ನು ನೋಡಲು ತಾವೇ ಶೇಡಬಾಳಕ್ಕೆ ಬಂದರು.

ಮೀಟರ್ ಸರಿಯಾಗಿಯೇ ಇತ್ತು. ಸಂಜೆ ಹೊರಡುತ್ತೇವೆ ಎಂದರೆ ಅವ್ವಾರು ಬಿಡಲಿಲ್ಲ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ನಮ್ಮನ್ನು ಹೋಳಿಗೆಯ ಮುಂದೆ ಕೂರಿಸಿದರು. ಪ್ರಾಧ್ಯಾಪಕರು ಎರಡು ಉಂಡು, ತಾಟಿನ ಮೇಲೆ ಕೈ ಅಡ್ಡ ಹಿಡಿದು "ಸಾಕಮ್ಮ, ಸಾಕು" ಎಂದರು. ಅವ್ವಾರು ಬೆರಳ ಸಂದಿಯಿಂದಲೇ ತುಪ್ಪ ಬಿಟ್ಟು, ಪಕ್ಕದಲ್ಲಿ ಜಾಗ ನೋಡಿ ಇನ್ನೊಂದು ಹೋಳಿಗೆ ಇಳಿಸಿದರು.

"ಸಾಕು ಅಂದೆನಲ್ಲಮ್ಮ?"

"ಹೂಂರಿ, ಕೇಳಿಸ್ತು. ಸಾಕಂದ್ರಿ, ಅದಕ್ಕ ಹಾಕೀನಿ."

"ಸಾಕು ಅಂದರೆ ಹಾಕೋದಾ?"

"ಮತ್ತ? ಮೊದಲ್ನೇ ಸಾಕಿಗೆ ಯಾರ ನಿಂದರಸ್ತಾರ್ರಿ? ಉಣ್ಣಾವ್ರಿಗೆ ಮರ್ಯಾದಿ ಇರತೈತಿ, ಅಂತಾರ. ನೀಡಾವ್ರಿಗೂ ಮರ್ಯಾದಿ ಇರತೈತಿ, ನೀಡ್ತೇವಿ."

"ಹಾಗಾದರೆ ನಿಜವಾಗಿ ಸಾಕಾದರೆ ಏನನ್ನಬೇಕು?"

"ಏನೂ ಅನಬ್ಯಾಡ್ರಿ. ಎದ್ದ ಬಿಡ್ರಿ."

ನನ್ನ ಕೈಯ ತುತ್ತು ಅಲ್ಲೇ ನಿಂತಿತು. ನಾನು ನಿಪ್ಪಾಣಿಯವಳು. ನಮ್ಮ ಮನೆಯಲ್ಲಿ ಮರಾಠಿಯಲ್ಲಿ "ಪುರೆ, ಪುರೆ" ಎನ್ನುವಾಗಲೂ ಇದೇ ಲೆಕ್ಕ. ಹುಟ್ಟಿದಾಗಿನಿಂದ ಆಡುತ್ತ ಬಂದ ಮಾತಾದ್ದರಿಂದ ಅದು ಕಣ್ಣಿಗೆ ಬಿದ್ದಿರಲಿಲ್ಲ.

"ಅವ್ವಾರ, ಮೊನ್ನೆ ಮಶೀನ್ ಹಚ್ಚಿದಾಗ ಸಾಕಂದ್ರೆಲ್ಲ, ಅದು ಮೊದಲ್ನೇ ಸಾಕೋ, ಖರೇ ಸಾಕೋ?"

"ಮೊದಲ್ನೇದ್ರಿ. ಅಷ್ಟ ದೂರದಿಂದ ಬಂದೀರಿ, ಎಷ್ಟಂತ ತ್ರಾಸ ಕೊಡೂದು? ನೀವು ಇನ್ನೊಂದೆರಡ ಸಲ ಒತ್ತಾಯ ಮಾಡ್ತೀರಂತ ತಿಳ್ಕೊಂಡಿದ್ದೆ. ನೀವು ಗಪ್ಪನ ತಗದಿಟ್ರಿ. ಬಾಯಾರಿಗೆ ಸಿಟ್ಟ ಬಂತೇನೋ ಅಂದ್ಕೊಂಡೆ."

ನನಗೆ ನಗು ತಡೆಯಲಾಗಲಿಲ್ಲ. ಪ್ರಾಧ್ಯಾಪಕರು ನನ್ನ ಮುಖ, ತಾಟು, ಅವ್ವಾರ ತುಪ್ಪದ ಗಿಂಡಿ, ಹೀಗೆ ಒಂದೊಂದನ್ನೇ ನೋಡಿದರು. ಅವರಿಗೂ ಅರ್ಥವಾಗತೊಡಗಿತ್ತು. ಇಷ್ಟು ದಿನ ನಾವು ಅಳೆದದ್ದು ಊರಿನ ಮರ್ಯಾದೆಯನ್ನು.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕೋರು ಮೆಲ್ಲಗೆ ಅಂದರು: "ನನ್ನ ಸಾಕು ಖರೇನ ಸಾಕಾಗಿತ್ತು, ಬಾಯಾರ."

ಅವ್ವಾರು ತುಪ್ಪದ ಗಿಂಡಿಯನ್ನು ಸದ್ದಾಗದಂತೆ ಕೆಳಗಿಟ್ಟರು.

ಬಸ್ಸಿಗೆ ಕಾಯುವಾಗ ಪ್ರಾಧ್ಯಾಪಕರು ಒಂದು ಉಪಾಯ ಹೇಳಿದರು. ಎಲ್ಲರ ಅಂಕಿಗೂ ಮರ್ಯಾದೆಯ ಬಾಬತ್ತು ಎಂದು ಒಂದಿಷ್ಟು ಡೆಸಿಬೆಲ್ ಸೇರಿಸಿದರೆ ಹೇಗೆ? ನಾನು ಒಪ್ಪಲಿಲ್ಲ. ಅವ್ವಾರ ಮರ್ಯಾದೆ ಬೇರೆ, ಹೆಡ್ ಮಾಸ್ತರರ ಮರ್ಯಾದೆ ಬೇರೆ. ಅಕ್ಕೋರ ಅಂಕಿಗೆ ಏನು ಸೇರಿಸುವುದು? ಎಲ್ಲವನ್ನೂ ಬಿಟ್ಟು ಮೊದಲಿನಿಂದ ಮಾಡಬೇಕು ಎಂದೆ. "ಪೇಪರ್ ಹೋಯ್ತು ಅನ್ನಿ," ಎಂದರು ಅವರು. ಆಮೇಲೆ ಅವರೇ ನಕ್ಕರು. "ಹೋಳಿಗೆ ಮಾತ್ರ ಉಳೀತು."

ಹೊಸ ಪರೀಕ್ಷೆಯಲ್ಲಿ ಬಾಯಿಮಾತೇ ಬೇಡ ಎಂದು ತೀರ್ಮಾನಿಸಿದೆವು. ಅವ್ವಾರ ಅಡುಗೆಮನೆಯಿಂದ ಚಮಚ, ವಾಟಗ ಎನ್ನುವ ಸಣ್ಣ ಬಟ್ಟಲು, ತಂಬಿಗೆ, ಕೊಡ, ಹಂಡೆ ತಂದು, ಕೆಳಗೆ ಹಳೆಯ ಸೀರೆ ಹಾಸಿ ಸಾಲಾಗಿ ಇಟ್ಟೆ. ಕೇಳಿಸಿತೋ ಇಲ್ಲವೋ ಎನ್ನುವಂಥ ಸ್ವರಕ್ಕೆ ಚಮಚ ತೋರಿಸಬೇಕು, ಸಣ್ಣದಕ್ಕೆ ವಾಟಗ, ಹದವಾದದ್ದಕ್ಕೆ ತಂಬಿಗೆ, ಜೋರಾದದ್ದಕ್ಕೆ ಕೊಡ, ತಾಳಲಾರದ್ದಕ್ಕೆ ಹಂಡೆ. ಸ್ವರಗಳನ್ನೂ ಏರಿಸುತ್ತ ಹೋಗದೆ ಕಲಸಿ ಕೊಟ್ಟೆ. ಮುಂದೆ ಯಾವುದು ಬರುತ್ತದೆ ಎಂದು ಗೊತ್ತಿಲ್ಲದವರಿಗೆ ಮುಂಚಿತವಾಗಿ ಉಪಚಾರದ ಸಾಕು ಹೇಳಲು ಬರುವುದಿಲ್ಲ. ಅಕ್ಕೋರಿಗೆ ಮಾತ್ರ ಅವರು ಮೊದಲು ಸಾಕು ಎಂದ ಮಟ್ಟವನ್ನು ನಾನು ಯಾವತ್ತೂ ದಾಟಲಿಲ್ಲ.

ಈ ಸುತ್ತು ಊರಿನವರಿಗೆ ಬಲು ಹಿಡಿಸಿತು. ಹೊರಗೆ ಹೋದವರು "ನಂದು ಕೊಡದ ತನಕ ಹೋತು, ನಿಂದೆಷ್ಟಲೇ?" ಎಂದು ಕೇಳಿಕೊಳ್ಳುತ್ತಿದ್ದರು. ಅಂಕಿಗಳು ಪುಸ್ತಕದಲ್ಲಿ ಹೇಳಿದ ಜಾಗಕ್ಕೆ ಬಂದು ಕೂತವು. ಅವ್ವಾರಂತೂ ನನ್ನ ಯಂತ್ರದ ಮಿತಿ ಮುಗಿದರೂ ಹಂಡೆಯ ಕಡೆ ತಿರುಗಲಿಲ್ಲ.

ಅಕ್ಕೋರ ಸರದಿ ಬಂದಾಗ ಅವ್ವಾರು ನನ್ನ ಬೆನ್ನ ಹಿಂದೆ ಕೂತು ನೋಡುತ್ತೇನೆ ಎಂದರು. ತಮಗೆ ತಂಬಿಗೆಯಾಗಿದ್ದ ಸ್ವರಕ್ಕೆ ಯಂತ್ರದ ತಿರುಗಣಿ ಎಲ್ಲಿ ನಿಲ್ಲುತ್ತದೆ ಎಂದು ನನ್ನನ್ನು ಕೇಳಿ ಇಟ್ಟುಕೊಂಡಿದ್ದರು. ಆ ಸ್ವರಕ್ಕೆ ಅಕ್ಕೋರ ಕೈ ಹಂಡೆಯನ್ನು ತೋರಿಸಿತು. ಮತ್ತೊಮ್ಮೆ, ಬೇರೆ ಸ್ವರಗಳ ನಡುವೆ ಸೇರಿಸಿ ಕೊಟ್ಟೆ. ಮತ್ತೆ ಹಂಡೆ. ಮೂರನೆಯ ಸಲವೂ ಹಂಡೆ.

"ಅಂದ್ರ ನನ್ನ ತಂಬಿಗಿ ಅಕಿಗೆ ಹಂಡೆ," ಎಂದರು ಅವ್ವಾರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮರುದಿನದಿಂದ ಆ ಮನೆಯಲ್ಲಿ ಸ್ಟೀಲಿನ ತಾಟುಗಳ ನಡುವೆ ಬಟ್ಟೆ ಬಂತು.

ಪ್ರಾಧ್ಯಾಪಕರು ಹೊಸ ಅಂಕಿಗಳನ್ನು ತುಂಬಿದರು. ಒಮ್ಮೆ ಲೆಕ್ಕ ಓಡಿಸಿದರೆ ಉತ್ತರ ಬರುವುದರೊಳಗೆ ಚಹಾ ಕುಡಿದು ಬರಬಹುದು. ನಾವು ಬಹಳ ಚಹಾ ಕುಡಿದೆವು. ಅಕ್ಕೋರ ಒಳಕಿವಿಗೆ ಊರಿನವರ ಲೆಕ್ಕವನ್ನೇ ಇಟ್ಟು ನೋಡಿದರು, ಅದು ಹೊಂದಿತು. ಮಿದುಳಿನ ದಾರಿಯ ವಾಲ್ಯೂಮಿನ ಲೆಕ್ಕವೊಂದನ್ನು ಮಾತ್ರ ಮೇಲಕ್ಕೆ ತಿರುಗಿಸಿದಾಗ ಕಂಪ್ಯೂಟರಿನ ಕಿವಿ ಅಕ್ಕೋರ ಹಾಗೆಯೇ ತಂಬಿಗೆಯನ್ನು ಹಂಡೆ ಎನ್ನತೊಡಗಿತು.

ಇನ್ನೊಂದು ವಿಷಯ ಅವರಿಗೆ ಅಕಸ್ಮಾತ್ ಹೊಳೆಯಿತು. ಕಂಪ್ಯೂಟರಿನ ಕಿವಿಗೂ ಅರಳೆ ಇಟ್ಟು ನೋಡೋಣ ಎಂದು, ಒಳಗೆ ಬರುವ ಸದ್ದನ್ನು ಬಹಳ ದಿನದ ಮಟ್ಟಿಗೆ ಕಡಿಮೆ ಮಾಡಿ ಲೆಕ್ಕ ಓಡಿಸಿದರು. ಒಳಗಿನ ವಾಲ್ಯೂಮ್ ತಾನಾಗಿ ಇನ್ನಷ್ಟು ಮೇಲೆ ಹೋಯಿತು. ಕೇಳಿಸದಿದ್ದರೆ ರೇಡಿಯೋ ಏರಿಸುತ್ತೇವಲ್ಲ, ಹಾಗೆ.

"ಅರಳೆ ತೆಗೆಸಬೇಕು," ಎಂದರು.

ನಾನು ಒಮ್ಮೆಲೇ ಹೂಂ ಎನ್ನಲಿಲ್ಲ. ಕಂಪ್ಯೂಟರಿನ ಕಿವಿಗೆ ನೋವಾಗುವುದಿಲ್ಲ, ಅಕ್ಕೋರಿಗೆ ಆಗುತ್ತದೆ. ಲೆಕ್ಕ ನಿಜವೇ ಆಗಬೇಕೆಂದೂ ಇಲ್ಲ. ಡಾಕ್ಟರನ್ನು ಕೇಳಿದೆವು. ಒಮ್ಮೆಲೇ ತೆಗೆಯುವುದು ಬೇಡ, ಮಳೆಯ ಸದ್ದಿನಂಥ ಸಣ್ಣ ಸದ್ದನ್ನು ದಿನವೂ ಕಿವಿಗೆ ಬೀಳಿಸುತ್ತ ನಿಧಾನವಾಗಿ ರೂಢಿ ಮಾಡಿಸಿ ಎಂದರು. ನಾನು ಹೋಗಿ ಅಕ್ಕೋರಿಗೆ ಎಲ್ಲವನ್ನೂ, ನಮಗೆ ಗೊತ್ತಿಲ್ಲದ್ದನ್ನೂ ಸೇರಿಸಿ ಹೇಳಿದೆ.

"ನನ್ನ ಸ್ವಭಾವ ಅಲ್ಲಂತ ಆತಲ್ಲ?" ಎಂದು ಕೇಳಿದರು.

"ಅಲ್ರಿ."

"ಹಂಗಾರ ತಗೀತೀನಿ."

ಸ್ಟೇಶನ್ ಹತ್ತದ ಜಾಗದಲ್ಲಿ ಟ್ರಾನ್ಸಿಸ್ಟರ್ ತಿರುಗಿಸಿಟ್ಟರೆ ಸುರ್ ಎಂದು ಒಂದು ಸದ್ದು ಬರುತ್ತದೆ. ಅದನ್ನು ಅತಿ ಸಣ್ಣಗೆ ಹಚ್ಚಿ ಅಡುಗೆಮನೆಯಲ್ಲಿ ಇಡುವಂತೆ ಹೇಳಿದೆ. ತೊಡಕು ಬಂದದ್ದು ಅವ್ವಾರಿಂದ. ರೇಡಿಯೋ ಸುಮ್ಮನೆ ಸುರ್ ಎನ್ನುವುದನ್ನು ಅವರಿಗೆ ನೋಡಲಾಗದು. ಸೊಸೆ ಆಚೆ ಹೋದ ಕೂಡಲೆ ಮುಳ್ಳು ತಿರುಗಿಸಿ ಮರಾಠಿ ಹಾಡು ಹಿಡಿಯುತ್ತಿದ್ದರು. "ಬ್ಯಾಟರಿ ಸುಟ್ಟು ಮಳಿ ಸಪ್ಪಳಾ ಕೇಳೂದೇನ್ರಿ?" ಎಂದು ನನ್ನನ್ನೇ ಕೇಳಿದರು. ಕೊನೆಗೆ ಆ ತಿರುಗಣಿಗೆ ಅಕ್ಕೋರು ಮೇಣ ಹಚ್ಚಿ ಕೂರಿಸಿಬಿಟ್ಟರು.

ಮೊದಲು ಸುಧಾರಿಸಿತು. ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ತೋಟಗಳಲ್ಲಿ ಡಬ್ಬಿ ಶುರುವಾಗಿ, ಅಕ್ಕೋರು ಮತ್ತೆ ಅರಳೆ ಹುಡುಕಿದರು. ನಾನು ಬೈಯಲಿಲ್ಲ. ಡಬ್ಬಿ ನಿಂತ ಮೇಲೆ ಮತ್ತೆ ಶುರುಮಾಡಿದೆವು. ಶಾಲೆಯಲ್ಲಿ ಅವರೇ ಒಂದು ರೀತಿ ಕಂಡುಕೊಂಡರು. ಮಕ್ಕಳಿಗೆ "ಇವತ್ತ ವಾಟಗದ ದನ್ಯಾಗ ಹೇಳ್ರಿ" ಎನ್ನುವುದು, ಕೆಲವು ವಾರ ಬಿಟ್ಟು ತಂಬಿಗೆಯ ದನಿ. ಪಿಸುಗುಟ್ಟಿ ರೂಢಿಯಾದ ಮಕ್ಕಳಿಗೆ ದನಿ ತೆಗೆಯಲು ನಾಚಿಕೆಯಾಗುತ್ತಿತ್ತಂತೆ.

ವರ್ಷದ ಕೊನೆಗೆ ಒಂದು ಮಧ್ಯಾಹ್ನ ಶಾಲೆಗೆ ಹೋದೆ. ಪಡಸಾಲೆಯಲ್ಲಿ ನಿಂತಾಗಲೇ ಒಳಗಿಂದ ಮಗ್ಗಿ ಕೇಳಿಸಿತು, ನಲವತ್ತು ಮಕ್ಕಳ ಕೊಡದ ದನಿ. ಏಳರ ಮಗ್ಗಿ ಮುಗಿಯುವಾಗ ಅಕ್ಕೋರು ಹೊರಗೆ ಬಂದು ಕಂಬಕ್ಕೆ ಒರಗಿದರು. ಕಿವಿಯಲ್ಲಿ ಅರಳೆ ಇರಲಿಲ್ಲ. ಹಣೆಯ ಮೇಲೆ ಬೆವರು ಇತ್ತು.

"ಏಳರ ತನಕ ತಡಕೊಂಡೆ," ಎಂದರು. "ಇವತ್ತಿಗಿಷ್ಟ. ಉಳಿದದ್ದು ಅವರ ಹೇಳ್ಕೊಂತಾರ."

"ರಾಜೀನಾಮೆ?"

"ಹೆಡ್ ಮಾಸ್ತರೂ ಕೇಳಿದ್ರು. ಹನ್ನೆರಡರ ಮಗ್ಗಿ ಮುಗೀಲಿ, ನೋಡೂಣು ಅಂದೀನಿ."

ಇಬ್ಬರೂ ನಕ್ಕೆವು. ಅವರು ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತಿದ್ದರು. ಒಳಗೆ ಮಕ್ಕಳು ತಮ್ಮಷ್ಟಕ್ಕೆ ಎಂಟರ ಮಗ್ಗಿ ಹತ್ತಿದ್ದರು. ಎಂಟಾರಲೆ ನಲವತ್ತೆಂಟರವರೆಗೆ ದಾರಿ ಸರಿಯಾಗಿತ್ತು. ಅಲ್ಲಿಂದ ಅರ್ಧ ವರ್ಗ ಒಂದು ಕಡೆ, ಅರ್ಧ ವರ್ಗ ಇನ್ನೊಂದು ಕಡೆ ಹೋಯಿತು. "ಎಂಟೇಳಲೆ ಐವತ್ನಾಕು" ಎಂದು ಒಂದು ಗುಂಪು ಎಲ್ಲರಿಗಿಂತ ಜೋರಾಗಿ ಕೂಗಿತು.

ಅಕ್ಕೋರು ಕಣ್ಣು ತೆರೆದರು.

"ಐವತ್ನಾಕಂತ," ಎಂದು ನನಗೆ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದರು. ಹೊರಗೆ ನಿಂತ ನನಗೆ ಅವರ ದನಿ ಸ್ಪಷ್ಟವಾಗಿ ಕೇಳಿಸಿತು.

"ಯಾರ ಅಂದಾವ್ರು ಐವತ್ನಾಕು? ಮತ್ತೊಮ್ಮೆ ಹೇಳ್ರಿ. ಎಲ್ಲಾರೂ."